ಗೋಡೆಗೆ ಸೂರ್ಯ ಗಡಿಯಾರ ಮಾಡುವವರು ಪ್ಲೈವುಡ್ಡು, ಸೈಕಲ್ ಸ್ಪೋಕು ಮುಟ್ಟುವ ಮೊದಲು ಓದಿ

ಧಾರವಾಡದ ಒಂದು ಮನೆಯ ದಕ್ಷಿಣ ಗೋಡೆಗೆ ಜನವರಿಯಲ್ಲಿ ಕೂಡಿಸಿದ ಸೂರ್ಯ ಗಡಿಯಾರವನ್ನು ದೀಪಾವಳಿ ಹೊತ್ತಿಗೆ ಬಿಚ್ಚಿ ಇಳಿಸಬೇಕಾಯಿತು. ಲೆಕ್ಕ ತಪ್ಪಿರಲಿಲ್ಲ, ಗೆರೆಗಳೂ ಸರಿ ಇದ್ದವು. ಕೈಕೊಟ್ಟದ್ದು ಸಾಮಾನು. 12 ಎಂಎಂ ಪ್ಲೈವುಡ್ ಹಲಗೆ, ಅದಕ್ಕೆ ಹೊಳೆಯುವ ಬಿಳಿ ಎನಾಮೆಲ್ ಬಣ್ಣ, ಸ್ಟಿಕ್ಕರ್ ಅಂಕಿಗಳು, ನೆರಳು ಬೀಳಿಸುವ ಶಂಕುವಿಗೆ ಸೈಕಲ್ ಸ್ಪೋಕು, ಕಬ್ಬಿಣದ ಸ್ಕ್ರೂ. ಎಲ್ಲ ಅಗ್ಗ, ಎಲ್ಲ ಕೈಗೆ ಸಿಗುವಂಥದ್ದು. ಅದಕ್ಕೇ ಬಹಳ ಮಂದಿ ಇದೇ ಪಟ್ಟಿ ಹಿಡಿದು ಹೊರಡುತ್ತಾರೆ.

ದೊಡ್ಡ ತಪ್ಪು ಸ್ಪೋಕಿನದು. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಯಾವ ಕಡ್ಡಿಯದಾದರೂ ಗಟ್ಟಿ ನೆರಳು ಅದರ ದಪ್ಪದ ಸುಮಾರು 107 ಪಟ್ಟು ದೂರಕ್ಕೆ ಮುಗಿದುಹೋಗುತ್ತದೆ. ಸ್ಪೋಕಿನ ದಪ್ಪ 2 ಎಂಎಂ, ಅಂದರೆ 21 ಸೆಂ.ಮೀ.ಗೆ ಅದರ ಕಥೆ ಮುಗಿಯಿತು. ನಮ್ಮ ಅಕ್ಷಾಂಶ ಸುಮಾರು 15.4 ಡಿಗ್ರಿ. ಇಲ್ಲಿ ಶಂಕು ಗೋಡೆಯಿಂದ ಹೆಚ್ಚುಕಡಿಮೆ ನೆಟ್ಟಗೆ ಹೊರಗೆ ಚಾಚಿ, ತುದಿ ಸ್ವಲ್ಪ ಕೆಳಗೆ ಬಾಗಿರಬೇಕು. ಗೋಡೆಗೂ ಅದಕ್ಕೂ ನಡುವಿನ ಕೋನ 74.6 ಡಿಗ್ರಿ. ಸೂರ್ಯ ನೆತ್ತಿಗೆ ಹತ್ತಿರ ಇರುವುದರಿಂದ ನೆರಳು ಬಹಳ ಕೆಳಗೆ ಇಳಿಯುತ್ತದೆ. 15 ಸೆಂ.ಮೀ. ಶಂಕುವಿನ ತುದಿಯ ನೆರಳು ನಡುಹಗಲಿಗೆ ಡಿಸೆಂಬರ್ ಕೊನೆಯಲ್ಲಿ ಬುಡದಿಂದ 22 ಸೆಂ.ಮೀ. ಕೆಳಗಿದ್ದರೆ, ಮಾರ್ಚ್ 21ಕ್ಕೆ 56 ಸೆಂ.ಮೀ. ಕೆಳಗೆ. ಆ ಹಲಗೆಯ ಮೇಲರ್ಧದಲ್ಲಿ ನೆರಳು ಕಡ್ಡಿ ಗೀಚಿದಂತೆ ಕಾಣುತ್ತಿತ್ತು. ಕೆಳಗೆ ಅಂಕಿಗಳ ಹತ್ತಿರ, ಓದಬೇಕಾದ ಜಾಗದಲ್ಲೇ, ಹೊಗೆಯಂಥ ಬೂದು ಪಟ್ಟಿ. 6 ಎಂಎಂ ಸರಳು ಹಾಕಿದರೆ 64 ಸೆಂ.ಮೀ. ತನಕ ಗಟ್ಟಿ ನೆರಳು ಸಿಗುತ್ತದೆ. ನೆರಳಿನ ಅಂಚು ನೋಡಬೇಡಿ, ನಡುಮಧ್ಯ ನೋಡಿ ಓದಿ.

ಶಂಕುವಿನ ಬುಡ ಸಡಿಲಾಗಿ ಪಕ್ಕಕ್ಕೆ ಒಂದೇ ಡಿಗ್ರಿ ವಾಲಿದರೂ ನಡುಹಗಲಿನಲ್ಲಿ ಡಿಸೆಂಬರಿಗೆ ಸುಮಾರು ಮೂರು ನಿಮಿಷ, ಮಾರ್ಚಿಗೆ ಒಂದು ನಿಮಿಷ ತಪ್ಪು ಬರುತ್ತದೆ. ತಪ್ಪು ತಿಂಗಳಿಗೊಂದು ಥರ ಇದ್ದರೆ ಅದನ್ನು ಲೆಕ್ಕದಲ್ಲಿ ತಿದ್ದಲಾಗದು.

ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಕೊಯ್ದ ಅಂಚಿನಿಂದ ಮತ್ತು ಸ್ಕ್ರೂ ತೂತಿನಿಂದ. ಮುಖಕ್ಕೆ ನಾಲ್ಕು ಕೋಟ್ ಬಣ್ಣ ಬಳಿದು ಅಂಚು ಮರೆತರೆ ಒಂದೇ ಮಳೆಗಾಲಕ್ಕೆ ಪದರ ಬಿಟ್ಟು ಹಲಗೆ ಉಬ್ಬುತ್ತದೆ. ಗಂಟೆಗೆರೆಗಳ ನಡುವೆ ನಡುಹಗಲಿನ ಹತ್ತಿರ ಸುಮಾರು 14.5 ಡಿಗ್ರಿ ಅಂತರ, ಹಾಗಾಗಿ ಹಲಗೆ ಒಂದು ಡಿಗ್ರಿ ತಿರುಗಿದರೆ ನಾಲ್ಕು ನಿಮಿಷ ಹೋಯಿತು. ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಹತ್ತು ಗಂಟೆಯ ಗೆರೆ ಮೇಲೆ ಕಂದು ನೀರು ಇಳಿಸಿತ್ತು. ಎನಾಮೆಲ್ಲಿನ ಹೊಳಪಿಗೆ ಕಣ್ಣು ಕುಕ್ಕುತ್ತದೆ, ನೆರಳು ತೇಲಿಹೋಗುತ್ತದೆ. ಸ್ಟಿಕ್ಕರ್ ಏಪ್ರಿಲ್ ಬಿಸಿಲಿಗೇ ಸುರುಳಿ ಸುತ್ತಿತು.

ಅಕ್ರಿಲಿಕ್ ಶೀಟೂ ಬೇಡ. 60 ಸೆಂ.ಮೀ. ತುಂಡು 30 ಡಿಗ್ರಿ ಬಿಸಿ ಏರಿದರೆ ಒಂದು ಎಂಎಂಗಿಂತ ಹೆಚ್ಚು ಹಿಗ್ಗುತ್ತದೆ. ನಾಲ್ಕೂ ಮೂಲೆ ಬಿಗಿದಿದ್ದರೆ ನಡುವೆ ಬಾಗದೆ ಇನ್ನೇನು ಮಾಡೀತು?

ಹಾಕಬೇಕಾದ್ದು ಶಹಾಬಾದ್ ಫರಸಿ, ಪಾಲಿಶ್ ಮಾಡದ್ದು, ತಿಳಿ ಬಣ್ಣದ್ದು. ಕರಿ ಕಡಪಾ ಕಲ್ಲಿನ ಮೇಲೆ ನೆರಳೇ ಕಾಣುವುದಿಲ್ಲ. 45 ಸೆಂ.ಮೀ. ಚೌಕ, 20 ಎಂಎಂ ದಪ್ಪ ಅಂದರೆ ಹತ್ತು ಕಿಲೋ ದಾಟುತ್ತದೆ, ನಾಲ್ಕು 8 ಎಂಎಂ ಆಂಕರ್ ಬೋಲ್ಟ್ ಬೇಕೇ ಬೇಕು. ಗೆರೆಗಳನ್ನು ಒಂದೂವರೆ ಎಂಎಂ ಆಳ ಕೊರೆದು ಕರಿ ಬಣ್ಣ ತುಂಬಿ. ಇದು ಸುಣ್ಣಕಲ್ಲು, ಮುಂದೆ ಆ್ಯಸಿಡ್ ಹಾಕಿ ತೊಳೆದರೆ ಮುಖ ತಿಂದುಹೋಗುತ್ತದೆ. ಶಂಕುವಿಗೆ 304 ಸ್ಟೇನ್‌ಲೆಸ್ ಸ್ಟೀಲ್ ಸರಳು. ಮ್ಯಾಗ್ನೆಟ್ ಹಿಡಿಯಲಿಲ್ಲ ಅಂದಮಾತ್ರಕ್ಕೆ ಅದು 304 ಅಲ್ಲ; ಅಗ್ಗದ 202ಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಆದರೆ ಅದು ಮಳೆಗೆ ಕಲೆ ಬಿಡುತ್ತದೆ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಹಿತ್ತಾಳೆ ಗಟ್ಟಿ, ಆದರೆ ತಿಳಿ ಕಲ್ಲಿನ ಮೇಲೆ ಹಸಿರು ಕಲೆ ಇಳಿಸುತ್ತದೆ.

ಗೋಡೆಯೂ ಸಾಮಾನಿನ ಲೆಕ್ಕದಲ್ಲೇ ಬರುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ಗದಗ ಕಡೆ ಎರಿ ಮಣ್ಣಿನ ಮೇಲೆ ಕಟ್ಟಿದ ಕಂಪೌಂಡ್ ಗೋಡೆ ಮಳೆಗೆ ಉಬ್ಬಿ ಬೇಸಿಗೆಗೆ ಕುಸಿದು ವಾಲುತ್ತದೆ. ಗೌಂಡಿಯ ತೂಗುಗುಂಡು ಬಿಟ್ಟು ನೋಡಿ, ಮನೆಯ ಮುಖ್ಯ ಗೋಡೆಯನ್ನೇ ಆರಿಸಿ. ಸರಿಯಾದ ದಕ್ಷಿಣ ಗೋಡೆಗೂ ಮೇ ಮೊದಲ ವಾರದಿಂದ ಆಗಸ್ಟ್ 10ರ ತನಕ ಬಿಸಿಲು ಬೀಳುವುದೇ ಇಲ್ಲ, ಆಗ ಸೂರ್ಯ ನಮಗಿಂತ ಉತ್ತರಕ್ಕೆ ಇರುತ್ತಾನೆ. ಗಡಿಯಾರ ಕೆಟ್ಟಿತೆಂದು ಬಿಚ್ಚಬೇಡಿ.

ಕೂಡಿಸಲು ಡಿಸೆಂಬರ್ 25 ಅಥವಾ ಏಪ್ರಿಲ್ 15ರ ಆಸುಪಾಸು ಒಳ್ಳೆಯದು. ಸೂರ್ಯನ ಹೊತ್ತಿಗೂ ಕೈಗಡಿಯಾರದ ಹೊತ್ತಿಗೂ ಊರು, ತಿಂಗಳು ನೋಡಿ ವ್ಯತ್ಯಾಸ ಇರುತ್ತದೆ. ಆಗ ಧಾರವಾಡದಲ್ಲಿ ನೆರಳು ನಡುಗೆರೆಗೆ, ಅಂದರೆ 12 ಗಂಟೆಯ ಗೆರೆಗೆ, ಬರುವುದು ಕೈಗಡಿಯಾರದ 12:30ಕ್ಕೆ, ಗದಗಿನಲ್ಲಿ ಸುಮಾರು 12:27ಕ್ಕೆ. ನವೆಂಬರ್ ಮೊದಲ ವಾರವಾದರೆ ಧಾರವಾಡದಲ್ಲಿ 12:14ಕ್ಕೇ ಬರುತ್ತದೆ, ಫೆಬ್ರುವರಿ ನಡುವಿಗೆ 12:44. ಆ ನಿಮಿಷಕ್ಕೆ ನೆರಳು ನಡುಗೆರೆ ಮೇಲೆ ಕೂತ ಮೇಲಷ್ಟೇ ಬೋಲ್ಟ್ ಬಿಗಿ ಮಾಡಿ.