ಊರಿನ ಯೋಜನೆ ಎಲ್ಲಿಂದ ಆರಂಭವಾಗಬೇಕು: ಅಧಿಕಾರಿಗಳ ಕರಡಿನಿಂದಲೋ, ವಾರ್ಡ್ ಸಭೆಯಿಂದಲೋ?

ಕುಮಟಾ, ಅಂಕೋಲಾ ಕಡೆಯ ಗ್ರಾಮ ಪಂಚಾಯಿತಿಗೆ ಹೊಸದಾಗಿ ಆಯ್ಕೆಯಾದವರ ಎದುರು ಎರಡು ದಾರಿಗಳಿವೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಎಂಜಿನಿಯರ್ ಕರಡು ಬರೆದು ಗ್ರಾಮಸಭೆಗೆ ತಂದರೆ ಕೆಲಸ ಬೇಗ ಮುಗಿಯುತ್ತದೆ. ಅಂದಾಜು ಪಟ್ಟಿ, ಅನುದಾನದ ಷರತ್ತು, ಕರಾವಳಿ ನಿಯಂತ್ರಣ ವಲಯದ ನಿಯಮಗಳ ಲೆಕ್ಕ ತಪ್ಪುವುದು ಕಡಿಮೆ. ಆದರೆ ಜನರಿಗೆ ಉಳಿಯುವುದು ಸಹಿ ಹಾಕುವ ಕೆಲಸ ಮಾತ್ರ.

ವಾರ್ಡ್ ಸಭೆಯಿಂದ ಹೊರಟರೆ ನಿಧಾನ, ಗದ್ದಲವೂ ಇರುತ್ತದೆ. ಆದರೂ ಕಗ್ಗ ಭತ್ತ ಬೆಳೆಯುವ ಗಜನಿಗೆ, ಅಂದರೆ ಅಳಿವೆಯ ಬದಿಯ ತಗ್ಗು ಗದ್ದೆಗೆ, ಉಪ್ಪುನೀರು ಯಾವ ಕಟ್ಟೆ ಒಡೆದು ನುಗ್ಗುತ್ತದೆ ಎಂಬುದು ರೈತನಿಗೆ ಗೊತ್ತು. ಅಘನಾಶಿನಿಯ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಎಲ್ಲಿ ಕಡಿಮೆಯಾಗಿದೆ ಎಂಬುದು ಅದನ್ನು ಹೆಕ್ಕುವ ಮಹಿಳೆಗೆ ಗೊತ್ತು. ಇದು ಯಾವ ಕಡತದಲ್ಲೂ ಸಿಗುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದ ಮೇಲಂತೂ, ಇಳಿಜಾರಿನಲ್ಲಿ ಬಿರುಕು ಕಂಡವರ ಮಾತು ಯೋಜನೆಯ ಮೊದಲ ಪುಟದಲ್ಲೇ ಇರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. 1993ರ ಪಂಚಾಯತ್ ರಾಜ್ ಕಾಯ್ದೆಯೂ ಪ್ರಸ್ತಾವ ಸಿದ್ಧಪಡಿಸಿ ಆದ್ಯತೆ ಸೂಚಿಸುವ ಹೊಣೆಯನ್ನು ವಾರ್ಡ್ ಸಭೆಗೆ ಕೊಟ್ಟಿದೆ.

ನನ್ನ ಆಯ್ಕೆ ಎರಡನೆಯದು. ಎಂಜಿನಿಯರರನ್ನೂ ಅಲ್ಲಿಗೇ ಕರೆಯಿರಿ, ವೆಚ್ಚದ ಮಾತು ಜನರೆದುರೇ ಆಗಲಿ. ಶಿರಸಿ ಕಡೆಯವರಾದರೆ ಅಡಿಕೆ ಕೊಯ್ಲಿನ ದಿನಗಳನ್ನು ಬಿಟ್ಟು ಸಭೆ ಇಡಿ.