ನಾಲ್ಕು ಬತ್ತಿಗಳ ಆಗಮನ ಚಕ್ರ: ಒಂದು ಆಗಮನ ಕಾಲ ಪೂರ್ತಿ ಬಳಸಿದ ಮೇಲೆ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವೇ ಆಗಮನ ಕಾಲ. ಅದಕ್ಕೆಂದು ಮಾರುವ, ವಾರಕ್ಕೊಂದು ಬತ್ತಿ ಹೆಚ್ಚಿಸುತ್ತಾ ಹಚ್ಚುವ ಮೇಣದಬತ್ತಿ ಚಕ್ರವೊಂದನ್ನು ಕಳೆದ ವರ್ಷ ತರಿಸಿಕೊಂಡೆ. ಪೆಟ್ಟಿಗೆಯಲ್ಲಿ ಲೋಹದ ಬಳೆ, ಮೂರು ನೇರಳೆ ಬತ್ತಿ, ಒಂದು ಗುಲಾಬಿ ಬತ್ತಿ, ಕ್ರಿಸ್ಮಸ್‌ಗೆಂದು ನಡುವೆ ನಿಲ್ಲಿಸಲು ದಪ್ಪನೆಯ ಬಿಳಿ ಬತ್ತಿ, ಜೊತೆಗೆ ವಾಚನಗಳ ಸಣ್ಣ ಪುಸ್ತಿಕೆ ಇದ್ದವು.

ಅಲಂಕಾರಕ್ಕೆಂದು ಕೊಂಡದ್ದಲ್ಲ. ನನ್ನ ಅಮ್ಮನಿಗೆ ಮರೆವಿನ ಕಾಯಿಲೆ. ಹೊತ್ತು ಮುಳುಗಿತೆಂದರೆ ಅವಳಿಗೆ ಭಯ ಹತ್ತಿಕೊಳ್ಳುತ್ತದೆ. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಬಿಚ್ಚಿ ಸುತ್ತಿ, ಬಾಗಿಲಿನತ್ತಲೇ ನೋಡುತ್ತಾ ‘ಯಾರೋ ಬರುತ್ತಿದ್ದಾರೆ’ ಎನ್ನುತ್ತಾಳೆ. ಅವಳು ನನ್ನನ್ನೂ ಮರೆಯುವ ದಿನ ಬರುತ್ತದೆಂಬ ಭಯ ನನ್ನದು. ಆ ಹೊತ್ತಿನಲ್ಲಿ ಇಬ್ಬರೂ ಕೂತು ನೋಡಲು ಒಂದು ಬೆಳಕು ಬೇಕಿತ್ತು.

ಮೊದಲು ವಸ್ತುವಿನ ಮಾತು. ಬಳೆ ಗಟ್ಟಿಯಾಗಿದೆ, ಮೇಜಿನ ಮೇಲೆ ಅಲುಗದೆ ಕೂರುತ್ತದೆ. ಬತ್ತಿ ಸಿಕ್ಕಿಸುವ ಬಟ್ಟಲುಗಳು ಮಾತ್ರ ಆಳ ಸಾಲದು. ಮೊದಲ ಸಂಜೆಯೇ ಬತ್ತಿ ವಾಲಿ, ಮೇಣವೆಲ್ಲ ಮೇಜಿನ ಬಟ್ಟೆಗೆ ಸುರಿಯಿತು. ಬುಡಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಒತ್ತಿದ ಮೇಲೆ ನೆಟ್ಟಗೆ ನಿಂತಿತು. ಮೂರನೆಯ ಭಾನುವಾರ ಸಂತೋಷದ ಭಾನುವಾರ. ಅದಕ್ಕೆಂದೇ ಗುಲಾಬಿ ಬತ್ತಿ. ಇದರಲ್ಲಿ ಆ ಬಣ್ಣ ಎಷ್ಟು ಮಾಸಿದೆಯೆಂದರೆ ದೀಪದ ಬೆಳಕಿನಲ್ಲಿ ನೇರಳೆಯಿಂದ ಬೇರೆ ಮಾಡಿ ಹೇಳುವುದು ಕಷ್ಟ. ಹೊಗೆಯಿಲ್ಲ, ಕಟುವಾಸನೆಯಿಲ್ಲ, ಅಮ್ಮನಿಗೆ ಕೆಮ್ಮು ಬರಲಿಲ್ಲ. ಅವಳು ಒಮ್ಮೆ ಉರಿಯತ್ತ ಕೈ ಚಾಚಿದಳು. ಇಂಥವರಿರುವ ಮನೆಯಲ್ಲಿ ಬತ್ತಿ ಹಚ್ಚಿಟ್ಟು ಒಂದು ಕ್ಷಣವೂ ಎದ್ದು ಹೋಗಬೇಡಿ.

ಪುಸ್ತಿಕೆಯ ಮೊದಲ ಪುಟದಲ್ಲಿ ಈ ಚಕ್ರದ ಹುಟ್ಟಿನ ಕಥೆಯಿದೆ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಖೆರ್ನ್ ಎಂಬ ಪಾದ್ರಿಯನ್ನು ಮಕ್ಕಳು ದಿನವೂ ‘ಕ್ರಿಸ್ಮಸ್ ಯಾವಾಗ?’ ಎಂದು ಪೀಡಿಸುತ್ತಿದ್ದರಂತೆ. ಅವರು ಗಾಡಿಯ ಹಳೆಯ ಚಕ್ರದ ಮೇಲೆ ವಾರದ ದಿನಗಳಿಗೆ ಚಿಕ್ಕ ಬತ್ತಿ, ಭಾನುವಾರಗಳಿಗೆ ದೊಡ್ಡ ಬತ್ತಿ ನಿಲ್ಲಿಸಿ ದಿನಕ್ಕೊಂದು ಹಚ್ಚಿಸಿದರು. ಒಂದೇ ಪ್ರಶ್ನೆಯನ್ನು ದಿನವೂ ಕೇಳಿಸಿಕೊಳ್ಳುವುದೆಂದರೇನೆಂದು ನನಗೆ ಗೊತ್ತು. ಆ ಪಾದ್ರಿಯ ಮೇಲೆ ತುಂಬಾ ಪ್ರೀತಿ ಬಂತು.

ಎರಡನೆಯ ವಾರದ ಪುಟ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ವಿಶ್ವಾಸವಿದ್ದವರಿಗೆ ಭಯವೇ ಇರುವುದಿಲ್ಲ ಎಂದು ಅಲ್ಲಿ ಬರೆದಿದ್ದಾರೆ. ಅದನ್ನು ಅಮ್ಮನ ಮುಂದೆ ಓದಲು ಬಾಯಿ ಬರಲಿಲ್ಲ. ಎಪ್ಪತ್ತು ವರ್ಷ ಪ್ರಾರ್ಥನೆ ಬಿಡದವಳು ಅವಳು. ಈಗ ನಡುಗುತ್ತಾಳೆ, ಅಷ್ಟೇ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೇಸುವಿನ ಹುಟ್ಟಿನ ಕಥೆ ತೆರೆದೆ. ಸ್ನಾನಿಕ ಯೋಹಾನನ ತಂದೆ ಜಕರೀಯನು ದೇವದೂತನನ್ನು ಕಂಡು ಬೆಚ್ಚಿಬಿದ್ದ. ಯೇಸುವಿನ ತಾಯಿ ಮರಿಯಳು ಕಳವಳಗೊಂಡಳು. ಅವಳೊಂದಿಗೆ ಮದುವೆ ನಿಶ್ಚಯವಾಗಿದ್ದ ಯೋಸೇಫನಿಗೆ ಅವಳನ್ನು ಮನೆಗೆ ಕರೆದುಕೊಳ್ಳಲು ಅಂಜಿಕೆ. ಹೊಲದಲ್ಲಿ ಕುರಿ ಕಾಯುತ್ತಿದ್ದವರು ಬಹಳವಾಗಿ ಹೆದರಿದರು. ‘ಹೆದರಬೇಡ’ ಎಂಬ ಮಾತು ಬಂದದ್ದು ಇಂಥವರಿಗೇ. ಪ್ರವಾದಿ ಯೆಶಾಯನ ಗ್ರಂಥದ 35ನೆಯ ಅಧ್ಯಾಯದಲ್ಲಿ ಹೆದರಿದ ಹೃದಯದವರಿಗೆ ಧೈರ್ಯ ಹೇಳುವಾಗಲೂ ನಿಮ್ಮ ದೇವರು ಬರುತ್ತಾನೆ ಎಂಬುದೇ ಕಾರಣ. ಬರುವವನು ಆತ, ನಾವು ಕೂತಲ್ಲೇ ಕೂತಿದ್ದರೆ ಸಾಕು. ಮುಂದಿನ ಸಂಜೆಗಳಲ್ಲಿ ಪುಸ್ತಿಕೆಯನ್ನು ಬದಿಗಿಟ್ಟು ಈ ಭಾಗಗಳನ್ನೇ ಓದಿದೆ.

ಸಂಜೆಗೆ ಕಾಲು ಗಂಟೆಯಂತೆ ಉರಿಸಿದರೆ ಬತ್ತಿಗಳು ನಾಲ್ಕು ವಾರ ಬಾಳುತ್ತವೆ. ಕೊನೆಯ ವಾರದ ಹೊತ್ತಿಗೆ ಮೊದಲನೆಯದು ಎರಡು ಬೆರಳಿನಷ್ಟೇ ಉಳಿದಿತ್ತು. ಉಳಿದವು ಒಂದಕ್ಕಿಂತ ಒಂದು ಎತ್ತರವಾಗಿ ಮೆಟ್ಟಿಲಿನಂತೆ ಕಂಡವು. ಅಮ್ಮ ಎಂದಿನಂತೆ ಬಾಗಿಲ ಕಡೆ ನೋಡಿ ‘ಯಾರೋ ಬರುತ್ತಿದ್ದಾರೆ’ ಎಂದಳು. ‘ಹೌದಮ್ಮ, ಯೇಸು ಸ್ವಾಮಿ ಬರುತ್ತಿದ್ದಾರೆ’ ಎಂದೆ. ಸುಮ್ಮನಿದ್ದು, ‘ಹಾಗಾದರೆ ಬಾಗಿಲು ತೆಗೆದಿಡು’ ಎಂದಳು. ಹೊದಿಕೆಯ ಅಂಚು ಅವಳ ಬೆರಳಲ್ಲೇ ಇತ್ತು. ನಾನು ಎದ್ದು ಚಿಲಕ ತೆಗೆದೆ.

ಈ ವರ್ಷಕ್ಕೆ ಬತ್ತಿಗಳನ್ನಷ್ಟೇ ಹೊಸದಾಗಿ ತರಿಸಿದ್ದೇನೆ. ಬಳೆ ಅದೇ. ಗುಲಾಬಿ ಬತ್ತಿಯನ್ನು ಮಾತ್ರ ಬೇರೆ ಕಡೆಯಿಂದ, ಬಣ್ಣ ನೋಡಿ ಕೊಂಡೆ.