ಹಾಸನದ ಬಾಡಿಗೆ ಟೆಂಟ್ ಕಿಟ್: ಕರಾವಳಿಗೆ ಒಯ್ಯುವ ಮುನ್ನ

ಹಾಸನದಲ್ಲಿ ಬಾಡಿಗೆಗೆ ಸಿಗುವ ಈ ಮೂರು ಜನರ ಟೆಂಟ್ ಕಿಟ್ ಸಕಲೇಶಪುರ, ಮೂಡಿಗೆರೆಯ ಎಸ್ಟೇಟ್ ಮಣ್ಣಿಗೆ ಹೇಳಿ ಮಾಡಿಸಿದಂತಿದೆ. ಅದನ್ನೇ ಶಿರಾಡಿ ಘಾಟಿ ಇಳಿಸಿ, ವಾಸ್ಕೋ ಡ ಗಾಮನ ಜಾಡು ಹಿಡಿದು ಮಲ್ಪೆಗೋ, 1498ರಲ್ಲಿ ಅವನು ಬಂದಿಳಿದನೆನ್ನುವ ಕಲ್ಲಿಕೋಟೆ ಬಳಿಯ ಕಾಪ್ಪಾಡಿಗೋ ಒಯ್ಯುವುದಾದರೆ ಕಿಟ್ ಇದ್ದಂತೆಯೇ ಸಾಲದು.

ಮುಖ್ಯ ಕೊರತೆ ಗೂಟಗಳದ್ದು. ತೆಳು ಉಕ್ಕಿನ ಗೂಟ ಒಣಮರಳಿನಲ್ಲಿ ನಿಲ್ಲುವುದಿಲ್ಲ. ಮಧ್ಯಾಹ್ನದ ಕಡಲಗಾಳಿಗೆ ಒಂದು ಮೂಲೆ ಎದ್ದರೆ ಉಳಿದವೂ ಕಿತ್ತು ಬರುತ್ತವೆ. ಖಾಲಿ ಅಕ್ಕಿಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳಕ್ಕೆ ಹೂತು, ಮೇಲೆ ಚೆನ್ನಾಗಿ ತುಳಿಯಿರಿ. ಮೂಲೆಗೊಂದು, ಗಾಳಿ ಬೀಸುವ ಕಡೆಗೆ ಇನ್ನೆರಡು, ಒಟ್ಟು ಆರು ಚೀಲ.

ಎರಡು ಪದರದ ಬಟ್ಟೆ ಮಾತ್ರ ನಿಜಕ್ಕೂ ಒಳ್ಳೆಯದು. ಪದರಗಳು ಒಂದಕ್ಕೊಂದು ತಾಗದಂತೆ ಬಿಗಿದು, ಮೇಲಿನ ಕಿಟಕಿ ತೆರೆದಿಟ್ಟರೆ ಬೆಳಗ್ಗೆ ಒಳಗೆ ನೀರಹನಿ ತೊಟ್ಟಿಕ್ಕುವುದು ಬಹಳ ಕಡಿಮೆ. ಜಿಪ್‌ಗೆ ಮರಳು ಹಿಡಿದರೆ ಜಗ್ಗಬೇಡಿ, ಹಲ್ಲು ಹೋಗುತ್ತದೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಮೇಣದಬತ್ತಿ ಉಜ್ಜಿ. ವಾಪಸ್ ಕೊಡುವಾಗ ಅಂಗಡಿಯವರು ಮೊದಲು ನೋಡುವುದೂ ಜಿಪ್ಪನ್ನೇ.

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ. ಟೆಂಟ್ ಏನಿದ್ದರೂ ದಡದಲ್ಲಿ, ಅನುಮತಿ ಇರುವ ಜಾಗದಲ್ಲೇ.